ಹಿಂದೆ ನಿಂತು ಆಡಿದ ಇಲ್ಯಾಸ್ ಪಾಷಾ

ದೇವಸುಗೂರಿನಿಂದ ಶಕ್ತಿನಗರದ ಕಡೆ ಹೋಗುವಾಗ ಸಿಗುವ ಬಯಲಿನಲ್ಲಿ ಸಂಜೆ ಹೊತ್ತು ಹುಡುಗರ ಆಟ ನೋಡುತ್ತ ನಿಲ್ಲುವುದು ನಮ್ಮ ಹಳೆಯ ಚಾಳಿ. ಹತ್ತು ಗುಂಪುಗಳಿದ್ದರೆ ಒಂಬತ್ತು ಕ್ರಿಕೆಟ್ಟಿನವು. ಉಳಿದೊಂದು ಗುಂಪು ಆ ಕಡೆ ಎರಡು, ಈ ಕಡೆ ಎರಡು ಕಲ್ಲಿಟ್ಟು ಅವನ್ನೇ ಗೋಲುಕಂಬ ಮಾಡಿಕೊಂಡು ಫುಟ್ಬಾಲ್ ಆಡುತ್ತಿರುತ್ತದೆ. ಹೋದ ಚಳಿಗಾಲದ ಒಂದು ಸಂಜೆ ಆಟ ಮುಗಿದ ಮೇಲೆ ನಮ್ಮ ಓಣಿಯ ಹುಡುಗನೊಬ್ಬ ಮುಖ ಊದಿಸಿಕೊಂಡು ಆ ಕಲ್ಲಿನ ಮೇಲೆ ಕುಳಿತಿದ್ದ. ಸೋತಿರಲಿಲ್ಲ, ಅವನ ಗುಂಪೇ ಗೆದ್ದಿತ್ತು. ಗೋಲು ಹೊಡೆದವನನ್ನು ಹೆಗಲ ಮೇಲೆ ಹೊತ್ತು ಉಳಿದವರು ಕುಣಿಯುತ್ತಿದ್ದರು. ಈತ ಮಾತ್ರ ಇಡೀ ಸಂಜೆ ಹಿಂದೆ ನಿಂತು, ತನಗಿಂತ ಒಂದು ಗೇಣು ಎತ್ತರದ ಹುಡುಗನನ್ನು ಒಂದು ಸಲವೂ ಕಲ್ಲಿನ ಹತ್ತಿರ ಬಿಟ್ಟಿರಲಿಲ್ಲ. ಅದನ್ನು ನಾವು ಕಂಡಿದ್ದೆವು.

"ಚಾಚಾ, ನೀವು ಕತಿ ಬರೀತೀರಲ್ಲ, ಬ್ಯಾಕ್ ಆಡಿದವರ ಬಗ್ಗೆ ಯಾರರ ಬರದಾರೇನ್ರಿ?" ಎಂದು ಕೇಳಿದ.

ಹುಡುಕಿ ಹೇಳುತ್ತೇನೆ ಎಂದು ಮಾತು ಕೊಟ್ಟು ಮನೆಗೆ ಬಂದೆವು. ನಮ್ಮ ಕಪಾಟಿನಲ್ಲಿ ಚರಿತ್ರೆಯ ಪುಸ್ತಕಗಳಿಗೇನೂ ಬರವಿಲ್ಲ. ಬಹಮನಿಗಳಿದ್ದಾರೆ, ಆದಿಲಶಾಹಿಗಳಿದ್ದಾರೆ, ಟಿಪ್ಪು ಇದ್ದಾನೆ, ಸೂಫಿಗಳ ಉರ್ದು ತಜ್ಕಿರಾಗಳಿವೆ. ಮುಸ್ಲಿಮರ ಚರಿತ್ರೆ ಎಂದೊಡನೆ ನಾವು, ನಮ್ಮ ಪತ್ರಿಕೆಗಳೂ ಸೇರಿ, ಸಿಂಹಾಸನ ಮತ್ತು ದರ್ಗಾಗಳ ಕಡೆಗೆ ಮುಖ ಮಾಡುತ್ತೇವೆ. ಕಾರ್ಖಾನೆಯ ಪಾಳಿ ಮುಗಿಸಿ ಮೈದಾನಕ್ಕೆ ಇಳಿದವರು ಆ ಕಪಾಟಿನಲ್ಲಿ ಇಲ್ಲ. ಹೀಗಿರುವಾಗ ನಮಗೆ ನೆನಪಾದದ್ದು ಇಲ್ಯಾಸ್ ಪಾಷಾ. ಬೆಂಗಳೂರಿನ ವೈಯಾಲಿಕಾವಲಿನವರು, ಭಾರತ ತಂಡದ ಬಲಬದಿಯ ಬ್ಯಾಕ್, ಕೋಲ್ಕತ್ತದ ಈಸ್ಟ್ ಬೆಂಗಾಲ್ ಕ್ಲಬ್ಬಿನ ನಾಯಕರಾಗಿದ್ದವರು. ಒಂದು ಮಾತನ್ನು ಇಲ್ಲಿಯೇ ಒಪ್ಪಿಕೊಳ್ಳಬೇಕು: ಅವರ ಹೆಸರನ್ನು ನಾವು ಮೊದಲು ಗಮನವಿಟ್ಟು ಓದಿದ್ದು 2022ರ ಜನವರಿಯಲ್ಲಿ, ಅವರು 57ನೇ ವಯಸ್ಸಿನಲ್ಲಿ ತೀರಿಕೊಂಡ ಸುದ್ದಿಯಲ್ಲಿ.

ಬ್ಯಾಕ್ ಎಂಬ ಪದದ ಬಗ್ಗೆ ಸ್ವಲ್ಪ ಹೇಳಬೇಕು. ಫುಟ್ಬಾಲಿನ ಹಳೆಯ ಪದ್ಧತಿಯಲ್ಲಿ ಗೋಲ್‌ಕೀಪರನ ಮುಂದೆ ಇಬ್ಬರು, ಅವರ ಮುಂದೆ ಮೂವರು, ಎಲ್ಲರಿಗಿಂತ ಮುಂದೆ ಐವರು ನಿಲ್ಲುತ್ತಿದ್ದರು. ತೀರ ಹಿಂದಿನ ಇಬ್ಬರು ಫುಲ್‌ಬ್ಯಾಕ್, ನಡುವಿನ ಮೂವರು ಹಾಫ್‌ಬ್ಯಾಕ್. ಆಮೇಲೆ ಆಟದ ಪದ್ಧತಿ ಎಷ್ಟೋ ಸಲ ಬದಲಾಯಿತು, ಹಿಂದೆ ನಾಲ್ವರು ನಿಲ್ಲತೊಡಗಿದರು. ಎಡ-ಬಲ ಅಂಚು ಕಾಯುವ ಇಬ್ಬರಿಗೆ ಆ ಹಳೆಯ ಹೆಸರೇ ಉಳಿಯಿತು. ಅಮೆರಿಕದವರು ಆಡುವ, ಮೊಟ್ಟೆಯಾಕಾರದ ಚೆಂಡಿನ ಫುಟ್ಬಾಲಿನಲ್ಲಿಯೂ ಫುಲ್‌ಬ್ಯಾಕ್ ಇದ್ದಾನೆ. ಅವನ ಕೆಲಸ ಇನ್ನೂ ವಿಚಿತ್ರ. ಚೆಂಡು ಹಿಡಿದು ಓಡುವವನ ಮುಂದೆ ತಾನು ಓಡಿ, ಎದುರಿಗೆ ಬಂದವರಿಗೆ ಮೈಕೊಟ್ಟು ಡಿಕ್ಕಿ ಹೊಡೆದು ದಾರಿ ಬಿಡಿಸಿಕೊಡುವುದು. ಲೊರೆಂಜೊ ನೀಲ್ ಎಂಬ ಆಟಗಾರ 1993ರಿಂದ 2008ರವರೆಗೆ ಈ ಕೆಲಸ ಮಾಡಿದ. 1997ರಿಂದ 2007ರವರೆಗೆ ಸತತ 11 ವರ್ಷ ಅವನು ಯಾವ ತಂಡದಲ್ಲಿದ್ದರೂ ಅವನ ಹಿಂದೆ ಓಡಿದವನು ಒಂದು ಋತುವಿನಲ್ಲಿ ಸಾವಿರ ಗಜ ದಾಟಿದ. 2006ರಲ್ಲಿ ಲಡೇನಿಯನ್ ಟಾಮ್ಲಿನ್ಸನ್ ಒಂದೇ ಋತುವಿನಲ್ಲಿ 31 ಟಚ್‌ಡೌನ್ ಮಾಡಿ ದಾಖಲೆ ಬರೆದಾಗ ದಾರಿ ಬಿಡಿಸುತ್ತಿದ್ದವನು ಇದೇ ನೀಲ್. ದಾಖಲೆ ಯಾರ ಹೆಸರಿನಲ್ಲಿದೆ ಎಂದು ಹೇಳಬೇಕಾಗಿಲ್ಲ. ಸಮುದ್ರದಾಚೆಯ ಆಟವಾದರೂ ನಮ್ಮ ಓಣಿಯ ಹುಡುಗನ ದೂರು ಅಲ್ಲಿಯೂ ಇದೆ.

ನಮ್ಮ ಈ ಸೀಮೆಗೆ ಫುಟ್ಬಾಲಿನ ಹವಾ ಬಂದದ್ದು ಬೆಂಗಳೂರಿನಿಂದಲ್ಲ. ದೇವಸುಗೂರಿನಲ್ಲಿ ಕೃಷ್ಣೆಯನ್ನು ದಾಟುವ ನಿಜಾಮರ ಕಾಲದ ಸೇತುವೆಯ ಆಚೆ ದಡ ಈಗ ತೆಲಂಗಾಣ. ನಮ್ಮ ದಾದಾ ಹುಡುಗರಾಗಿದ್ದಾಗ ಎರಡೂ ದಡಗಳು ಹೈದರಾಬಾದ್ ಸಂಸ್ಥಾನದವೇ. ಸೇತುವೆ ದಾಟಿದರೆ ಪರರಾಜ್ಯಕ್ಕೆ ಹೋದಂತಾಗುತ್ತಿರಲಿಲ್ಲ, ರಾಜಧಾನಿಯ ಕಡೆಗೆ ಹೊರಟಂತಾಗುತ್ತಿತ್ತು. ಕೋರ್ಟು, ಕಾಲೇಜು, ಮದುವೆಯ ಜವಳಿ ಎಲ್ಲಕ್ಕೂ ಹೈದರಾಬಾದ್. ದಾದಾ ಅಲ್ಲಿಂದ ತಂದ ಸುದ್ದಿಗಳಲ್ಲಿ ಹೈದರಾಬಾದ್ ಸಿಟಿ ಪೊಲೀಸ್ ಫುಟ್ಬಾಲ್ ತಂಡವೂ ಇತ್ತು. ಖಾಕಿ ತೊಟ್ಟವರೆಂದರೆ ಹೆದರುತ್ತಿದ್ದ ನಮ್ಮ ಮನೆಯಲ್ಲಿ ಪ್ರೀತಿಯಿಂದ ನೆನೆಯುತ್ತಿದ್ದ ಪೊಲೀಸರೆಂದರೆ ಆ ಹನ್ನೊಂದು ಜನ ಮಾತ್ರ.

ಆ ತಂಡವನ್ನು ಕಟ್ಟಿದವರು ಸೈಯದ್ ಅಬ್ದುಲ್ ರಹೀಮ್. ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಓದಿ ಶಾಲಾಮಾಸ್ತರಾಗಿದ್ದವರು. 1950ರಿಂದ 1954ರವರೆಗೆ ಮುಂಬಯಿಯ ರೋವರ್ಸ್ ಕಪ್ಪನ್ನು ಅವರ ಪೊಲೀಸರು ಐದು ವರ್ಷ ಬಿಡದೆ ಗೆದ್ದರು. ರಹೀಮ್ ಸಾಹೇಬರ ಪಾಠಗಳಲ್ಲಿ ನಮಗೆ ಬಹಳ ಇಷ್ಟವಾದದ್ದು ಒಂದಿದೆ. ಅವರು ದುರ್ಬಲ ಕಾಲಿನ ಪಂದ್ಯಾವಳಿ ನಡೆಸುತ್ತಿದ್ದರು. ಬಲಗಾಲಿನವರು ಎಡಗಾಲಿನಿಂದ, ಎಡಗಾಲಿನವರು ಬಲಗಾಲಿನಿಂದ ಮಾತ್ರ ಚೆಂಡನ್ನು ಒದೆಯಬೇಕು. ಚೆಂಡನ್ನು ಕಾಲಲ್ಲಿಟ್ಟುಕೊಂಡು ಓಡುವುದನ್ನು ನಿಷೇಧಿಸಿ, ಬಂದ ಕೂಡಲೇ ಇನ್ನೊಬ್ಬರಿಗೆ ದಾಟಿಸಬೇಕೆಂಬ ಪಂದ್ಯಾವಳಿಯನ್ನೂ ನಡೆಸುತ್ತಿದ್ದರು. ನಾನೇ ಎನ್ನುವುದನ್ನು ಮರೆಸುವ ಇಂಥ ತಾಲೀಮಿನಲ್ಲಿ ಬ್ಯಾಕುಗಳು ತಯಾರಾಗದೆ ಇನ್ನಾರು ತಯಾರಾದಾರು?

ಅವರಲ್ಲೊಬ್ಬರು ಅಜೀಜುದ್ದೀನ್, ಬಲಬದಿಯ ಬ್ಯಾಕ್. 1952ರ ಹೆಲ್ಸಿಂಕಿ ಮತ್ತು 1956ರ ಮೆಲ್ಬರ್ನ್ ಒಲಿಂಪಿಕ್ಸ್ ಎರಡರಲ್ಲೂ ಭಾರತ ತಂಡದಲ್ಲಿದ್ದರು. ಹೆಲ್ಸಿಂಕಿಯಲ್ಲಿ ನಮ್ಮವರಲ್ಲಿ ಹೆಚ್ಚಿನವರು ಬರಿಗಾಲು. ಯುಗೊಸ್ಲಾವಿಯ 10-1ರಿಂದ ಸೋಲಿಸಿತು. ಆ ಒಂದು ಗೋಲು ಬೆಂಗಳೂರಿನ ಅಹ್ಮದ್ ಖಾನ್ ಅವರದು. ಬ್ಯಾಕುಗಳ ಪಾಲಿಗೆ ಬಂದದ್ದು ಹತ್ತರ ಲೆಕ್ಕ. ಅದಕ್ಕೂ ನಾಲ್ಕು ವರ್ಷ ಹಿಂದೆ, 1948ರ ಲಂಡನ್ನಿನಲ್ಲಿ, ಫ್ರಾನ್ಸಿನ ಎದುರು 2-1ರಿಂದ ಸೋತ ಪಂದ್ಯದಲ್ಲಿ ಗೋಲು ಹೊಡೆದ ಸಾರಂಗಪಾಣಿ ರಾಮನ್ ಅವರೂ ಬೆಂಗಳೂರಿನವರೇ. ಅದು ಒಲಿಂಪಿಕ್ಸಿನಲ್ಲಿ ಭಾರತ ಹೊಡೆದ ಮೊದಲ ಗೋಲು. ಅದೇ ಪಂದ್ಯದಲ್ಲಿ ಬಂಗಾಳದ ದೊಡ್ಡ ಬ್ಯಾಕ್ ಶೈಲೇನ್ ಮನ್ನಾ ಪೆನಾಲ್ಟಿ ತಪ್ಪಿಸಿದರು. ಹತ್ತೊಂಬತ್ತು ವರ್ಷ ಒಂದೇ ಕ್ಲಬ್ಬಿಗೆ ಆಡಿದ ಮನುಷ್ಯ, ಇವತ್ತಿಗೂ ಆ ಪಂದ್ಯದ ಮಾತು ಬಂದರೆ ಆ ಒಂದು ಒದೆತವನ್ನೇ ಎತ್ತುತ್ತಾರೆ. ಬ್ಯಾಕನ್ನು ನೆನೆಯುವುದು ಅವನು ತಪ್ಪಿದಾಗ. ಇಲ್ಲವೆ ತನ್ನ ಜಾಗ ಬಿಟ್ಟು ಗೋಲು ಹೊಡೆದಾಗ. 1962ರ ಜಕಾರ್ತ ಏಷ್ಯನ್ ಕ್ರೀಡೆಗಳಲ್ಲಿ ರಹೀಮ್ ಅವರು ರಕ್ಷಕ ಜರ್ನೇಲ್ ಸಿಂಗರನ್ನು, ತಲೆಗೆ ಹೊಲಿಗೆ ಬಿದ್ದಿದ್ದಾಗ, ಮುಂದಕ್ಕೆ ಕಳಿಸಿದರು. ಕೊರಿಯಾದ ಎದುರಿನ ಫೈನಲ್ಲಿನಲ್ಲಿ ಅವರು ಗೋಲು ಹೊಡೆದರು, ಭಾರತಕ್ಕೆ ಚಿನ್ನ ಬಂತು. ಜರ್ನೇಲರ ಹೆಸರು ಉಳಿದದ್ದು ಆ ಗೋಲಿನಿಂದ.

1956ರ ಬಗ್ಗೆ ಒಂದು ಸಂಗತಿ ಓದುಗರಿಗೆ ಹೇಳದೆ ಮುಂದೆ ಹೋಗಲಾಗದು. ಆ ವರ್ಷದ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಒಡೆದು ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿತು. ನಮ್ಮ ಸೇತುವೆಯ ಬಳಿ ಗಡಿ ಬಂತು. ಸರಿಯಾಗಿ ಒಂದು ತಿಂಗಳಿಗೆ, ಡಿಸೆಂಬರ್ 1ರಂದು, ಮೆಲ್ಬರ್ನಿನಲ್ಲಿ ಭಾರತ ಆಸ್ಟ್ರೇಲಿಯವನ್ನು 4-2ರಿಂದ ಸೋಲಿಸಿ ಒಲಿಂಪಿಕ್ಸಿನ ಸೆಮಿಫೈನಲ್ ತಲುಪಿತು. ನೆವಿಲ್ ಡಿಸೋಜಾ ಮೂರು ಗೋಲು ಹೊಡೆದರು. ಆ ತಂಡದಲ್ಲಿ ಹೈದರಾಬಾದಿನ ಅಜೀಜ್, ನೂರ್ ಇದ್ದರು, ಮೈಸೂರು ರಾಜ್ಯದ ಕೆಂಪಯ್ಯನವರೂ ಇದ್ದರು. ನಮ್ಮ ದಾದಾ ಒಂದು ತಿಂಗಳಿನಿಂದ ಮೈಸೂರಿನವರು. ಆದರೂ ಕೊನೆಯವರೆಗೆ ಅವರಿಗೆ ಅಜೀಜ್ "ಹಮಾರಾ ಆದ್ಮಿ", ಕೆಂಪಯ್ಯ "ಬೆಂಗಳೂರವ". ಮನಸ್ಸಿನ ಗಡಿಗಳು ಗೆಜೆಟ್ ಓದಿ ಸರಿಯುವುದಿಲ್ಲ. ರಾಯಚೂರಿಗೆ ಬೆಂಗಳೂರು ರಾಜಧಾನಿಯಾದ ಮೇಲೆಯೂ ಬೆಂಗಳೂರಿನ ಆಟಗಾರರು ನಮಗೆ ಪರಕೀಯರಾಗಿಯೇ ಉಳಿದರೆಂಬುದಕ್ಕೆ, ಪಾಷಾ ಅವರ ಹೆಸರನ್ನು ನಾವು ಇಷ್ಟು ತಡವಾಗಿ ಕೇಳಿದ್ದೇ ಸಾಕ್ಷಿ.

ಆ ಬೆಂಗಳೂರಿನ ಚರಿತ್ರೆಯಾದರೂ ಸಣ್ಣದಲ್ಲ. ದಂಡಿನ ಪ್ರದೇಶದಲ್ಲಿ ಗೋರಾ ಪಲ್ಟನ್ನುಗಳು ಆಡುವುದನ್ನು ಬೇಲಿಯಾಚೆಯಿಂದ ನೋಡಿ ಕಲಿತ ಕೂಲಿಕಾರರ, ಕಸುಬುದಾರರ ಮಕ್ಕಳು ಬರಿಗಾಲಿನಲ್ಲಿ ತಂಡ ಕಟ್ಟಿದರು. ಅಂಥ ತಂಡಗಳಲ್ಲಿ ಒಂದು ಬೆಂಗಳೂರು ಮುಸ್ಲಿಮ್ಸ್. 1891ರಿಂದ ನಡೆಯುತ್ತಿದ್ದ ರೋವರ್ಸ್ ಕಪ್ ಬ್ರಿಟಿಷ್ ಪಲ್ಟನ್ನುಗಳ ಸ್ವತ್ತಾಗಿತ್ತು. 1937ರಲ್ಲಿ ಅದನ್ನು ಮೊದಲ ಬಾರಿಗೆ ಗೆದ್ದ ಭಾರತೀಯ ತಂಡ ಬೆಂಗಳೂರು ಮುಸ್ಲಿಮ್ಸ್. ಫೈನಲ್ಲಿನಲ್ಲಿ ಸೋತವರು ಕಲ್ಕತ್ತೆಯ ಮೊಹಮೆಡನ್ ಸ್ಪೋರ್ಟಿಂಗ್. 1938ರಲ್ಲಿ ಮತ್ತೆ ಗೆದ್ದರು, ಹತ್ತು ವರ್ಷದ ಮೇಲೆ 1948ರಲ್ಲಿ ಮೋಹನ್ ಬಗಾನನ್ನು ಸೋಲಿಸಿ ಇನ್ನೊಮ್ಮೆ ಗೆದ್ದರು. ಮೊಹಮೆಡನ್ ಸ್ಪೋರ್ಟಿಂಗ್ ಕೂಡ ಕಡಿಮೆಯದಲ್ಲ. 1934ರಿಂದ 1938ರವರೆಗೆ ಕಲ್ಕತ್ತೆಯ ಲೀಗನ್ನು ಸತತ ಐದು ಬಾರಿ ಗೆದ್ದ ಕ್ಲಬ್ಬು ಅದು. ಬೆಂಗಳೂರಿನ ಹುಡುಗರು ಕಲ್ಕತ್ತೆಯ ರೈಲು ಹತ್ತುವ ರೂಢಿ ಆ ಕಾಲದ್ದು. ಅಹ್ಮದ್ ಖಾನ್ ಈಸ್ಟ್ ಬೆಂಗಾಲಿನ ಮುಂಪಡೆಯ ಐವರಲ್ಲಿ ಒಬ್ಬರಾಗಿ 'ಪಂಚಪಾಂಡವ' ಎನಿಸಿಕೊಂಡರು. ಆ ಐವರಲ್ಲಿ ಖಾನ್, ಸಾಲೆಹ್ ಎಂಬ ಪಾಂಡವರಿದ್ದರೆಂದು ಇಂದಿನ ಎಳೆಯರಿಗೆ ಹೇಳಿದರೆ ನಗಬಹುದು. ಅಂದಿನ ಕಲ್ಕತ್ತೆ ನಗಲಿಲ್ಲ. ಅಹ್ಮದ್ ಖಾನ್ 2017ರಲ್ಲಿ ತೀರಿಕೊಂಡರು.

ಇಲ್ಯಾಸ್ ಪಾಷಾ ಮೈದಾನಕ್ಕಿಳಿಯುವ ಹೊತ್ತಿಗೆ ಆ ಯುಗ ಮುಗಿದಿತ್ತು. ದಂಡು ಹೋಗಿ ಅದರ ಜಾಗಕ್ಕೆ ಸರಕಾರಿ ಕಾರ್ಖಾನೆಗಳು ಬಂದಿದ್ದವು. 1948ರಲ್ಲಿ ಶುರುವಾದ ಐಟಿಐ, ಅಂದರೆ ದೂರವಾಣಿನಗರದ ಟೆಲಿಫೋನ್ ಕಾರ್ಖಾನೆ, ಎಚ್‌ಎಎಲ್, ಬಿಇಎಲ್ ಮೊದಲಾದವು ಆಟಗಾರರಿಗೆ ಕೆಲಸ ಕೊಟ್ಟು ತಂಡ ಕಟ್ಟುತ್ತಿದ್ದವು. ಇದನ್ನು ದಾನ ಎಂದು ತಿಳಿಯಬಾರದು. ಕಾಲು ಮುರಿದರೂ ತಿಂಗಳ ಕೊನೆಗೆ ಸಂಬಳ ಬರುತ್ತದೆಂಬ ಧೈರ್ಯವಿಲ್ಲದೆ ಬಡವರ ಮನೆಯ ಹುಡುಗ ಬ್ಯಾಕ್ ಆಡಲಾರ. ಅದು ಕಾಲಿನ ಮೇಲೆ ಕಾಲು ಹಾಕಿಸಿಕೊಳ್ಳುವ ಕೆಲಸ. 1977ರಲ್ಲಿ ದೇಶದ ಕ್ಲಬ್ಬುಗಳಿಗಾಗಿ ಫೆಡರೇಷನ್ ಕಪ್ ಎಂಬ ಪಂದ್ಯಾವಳಿ ಹುಟ್ಟಿದಾಗ ಅದರ ಮೊದಲ ವರ್ಷದ ಕಪ್ಪನ್ನು ಮೋಹನ್ ಬಗಾನಿನ ಕೈಯಿಂದ ಕಸಿದುಕೊಂಡದ್ದು ಈ ಐಟಿಐ. ಟೆಲಿಫೋನ್ ಜೋಡಿಸುವವರು ದೇಶದ ಚಾಂಪಿಯನ್ನರಾದರು.

ಪಾಷಾ ಮೊದಲು ಆಡಿದ್ದು ವಿನಾಯಕ ಫುಟ್ಬಾಲ್ ಕ್ಲಬ್ಬಿಗೆ. ಇಲ್ಯಾಸನೊಬ್ಬ ವಿನಾಯಕನ ಹೆಸರಿನ ಅಂಗಿ ತೊಟ್ಟು ಆಡಿದ್ದು ಬೆಂಗಳೂರಿನ ಓಣಿಗಳಲ್ಲಿ ಯಾರಿಗೂ ವಿಶೇಷವೆನಿಸಿರಲಾರದು. ನಮಗೆ ಈಗ ಅದು ಕಣ್ಣಿಗೆ ಬೀಳುವುದು ನಮ್ಮ ಕಾಲದ ದೋಷ. ಅಲ್ಲಿಂದ ಐಟಿಐ, ಸಂತೋಷ್ ಟ್ರೋಫಿಯಲ್ಲಿ ಕರ್ನಾಟಕ, ಆಮೇಲೆ ಭಾರತ. 1987ರ ಜನವರಿಯಲ್ಲಿ ಕಲ್ಲಿಕೋಟೆಯಲ್ಲಿ ನಡೆದ ನೆಹರೂ ಕಪ್ಪಿನಲ್ಲಿ ಬಲ್ಗೇರಿಯದ ಎದುರು ಅವರ ಮೊದಲ ಅಂತರರಾಷ್ಟ್ರೀಯ ಪಂದ್ಯ. ಆ ವರ್ಷ ಫೈನಲ್ ತಲುಪಿ ಸೋವಿಯತ್ ಒಕ್ಕೂಟಕ್ಕೆ ಸೋತ ತಂಡ ಬಲ್ಗೇರಿಯ. ಇಪ್ಪತ್ತೆರಡರ ಆಜುಬಾಜಿನ ಹುಡುಗನಿಗೆ ಮೊದಲ ದಿನವೇ ಯುರೋಪಿನ ಅಂಚಿನ ಓಟಗಾರರನ್ನು ಕಟ್ಟಿಹಾಕುವ ಕೆಲಸ. ದೇಶದ ಪರವಾಗಿ ಅವರಿಗೆ ಸಿಕ್ಕಿದ್ದು ಬೆರಳೆಣಿಕೆಯ ಪಂದ್ಯಗಳು. ಆ ಕಾಲದಲ್ಲಿ ಭಾರತ ಆಡುತ್ತಿದ್ದುದೇ ಅಷ್ಟು ಕಡಿಮೆ. 1991ರ ನೆಹರೂ ಕಪ್, 1992ರ ಏಷ್ಯನ್ ಕಪ್ಪಿನ ಅರ್ಹತಾ ಪಂದ್ಯಗಳು ಅದರಲ್ಲಿ ಸೇರಿವೆ.

1989ರಲ್ಲಿ ಅವರು ಕೋಲ್ಕತ್ತಕ್ಕೆ ಹೋದರು. ಮೊದಲ ಬಾಗಿಲು ಐವತ್ತು ವರ್ಷಗಳ ಹಳೆಯ ರೂಢಿಯಂತೆ ಮೊಹಮೆಡನ್ ಸ್ಪೋರ್ಟಿಂಗ್. ಮರುವರ್ಷ ಈಸ್ಟ್ ಬೆಂಗಾಲ್. ಕೋಲ್ಕತ್ತಕ್ಕೆ ಹೋಗುವುದೆಂದರೆ ಆಗ ಏನೆಂದು ಈಗಿನವರಿಗೆ ಹೇಳಬೇಕು. ರಾಷ್ಟ್ರೀಯ ಲೀಗ್ ಇನ್ನೂ ಇರಲಿಲ್ಲ, ಅದು ಶುರುವಾದದ್ದು 1996ರಲ್ಲಿ. ಆಟವನ್ನೇ ಹೊಟ್ಟೆಪಾಡು ಮಾಡಿಕೊಳ್ಳಬೇಕೆನ್ನುವ ದಕ್ಷಿಣದ ಹುಡುಗನಿಗೆ ಕೋಲ್ಕತ್ತದಷ್ಟು ದೊಡ್ಡ ಪೇಟೆ ಇನ್ನೊಂದಿರಲಿಲ್ಲ. ಪ್ರತಿವರ್ಷ ಆಟಗಾರರು ಕ್ಲಬ್ ಬದಲಿಸುವ 'ದಲಬದಲ್' ನಡೆಯುತ್ತಿತ್ತು. ಒಪ್ಪಂದ ಒಂದು ಋತುವಿನದು, ಮುಂದಿನ ವರ್ಷದ್ದು ಮುಂದಿನ ವರ್ಷ ನೋಡಿಕೊಳ್ಳಬೇಕು. ಹೆಸರಾಂತ ಆಟಗಾರರನ್ನು ಎದುರಾಳಿ ಕ್ಲಬ್ಬಿನವರು ಹಾರಿಸಿಕೊಂಡು ಹೋಗದಂತೆ ಬಚ್ಚಿಡುತ್ತಿದ್ದ ಕತೆಗಳು ಆ ಊರಿನಲ್ಲಿ ಬೇಕಾದಷ್ಟಿವೆ. ಒಂದು ಕಡೆ ಕಾರ್ಖಾನೆಯ ಖಾಯಂ ನೌಕರಿ, ಇನ್ನೊಂದು ಕಡೆ ವರ್ಷವರ್ಷದ ಕರಾರು. ಬೆಂಗಳೂರಿನ ಎಷ್ಟೋ ಆಟಗಾರರ ಮನೆಗಳಲ್ಲಿ ಈ ತಕ್ಕಡಿ ತೂಗಾಡಿದೆ. ತಾಯಂದಿರು ಯಾವ ತಟ್ಟೆಯ ಕಡೆ ಇದ್ದಿರಬಹುದೆಂದು ಊಹಿಸಲು ಕತೆಗಾರನೇ ಬೇಕಿಲ್ಲ.

ಈಸ್ಟ್ ಬೆಂಗಾಲಿನಲ್ಲಿ ಅವರಿಗೆ ಸಿಕ್ಕ ತರಬೇತುದಾರರು ಸೈಯದ್ ನಯೀಮುದ್ದೀನ್. ಇಲ್ಲಿಗೆ ನಮ್ಮ ಕತೆ ಸುತ್ತಿ ಮತ್ತೆ ಕೃಷ್ಣೆಯಾಚೆಗೆ ಬಂತು. ನಯೀಮ್ ಹೈದರಾಬಾದಿನವರು, ರಹೀಮ್ ಸಾಹೇಬರ ಹೆಸರು ಇನ್ನೂ ಹಸಿಯಾಗಿದ್ದ ಮೈದಾನಗಳಲ್ಲಿ ಬೆಳೆದವರು, ತಾವೂ ರಕ್ಷಣೆಯ ಆಟಗಾರರೇ. 1970ರ ಬ್ಯಾಂಕಾಕ್ ಏಷ್ಯನ್ ಕ್ರೀಡೆಗಳಲ್ಲಿ ಕಂಚು ಗೆದ್ದ ಭಾರತ ತಂಡದ ನಾಯಕರು. ಶಿಸ್ತಿಗೆ ಹೆಸರಾದವರು. 1990ರಲ್ಲಿ ಅವರ ಕೈಕೆಳಗೆ ಈಸ್ಟ್ ಬೆಂಗಾಲ್ ಒಂದೇ ಋತುವಿನಲ್ಲಿ ಡ್ಯುರಾಂಡ್ ಕಪ್, ರೋವರ್ಸ್ ಕಪ್, ಐಎಫ್‌ಎ ಶೀಲ್ಡ್ ಮೂರನ್ನೂ ಗೆದ್ದಿತು. ಆ ತಂಡದ ಬಲಬದಿ ಪಾಷಾ ಅವರದು. ರೋವರ್ಸ್ ಕಪ್ಪನ್ನು ಬೆಂಗಳೂರಿನ ಬರಿಗಾಲಿನವರು ಗೆದ್ದು ಆಗ 53 ವರ್ಷ, ಹೈದರಾಬಾದಿನ ಪೊಲೀಸರು ಐದು ಸಲ ಗೆಲ್ಲಲು ಆರಂಭಿಸಿ 40 ವರ್ಷ. ಎರಡೂ ಊರಿನ ಒಬ್ಬೊಬ್ಬರು ಬಂಗಾಳದ ಕೆಂಪು-ಹಳದಿ ಬಣ್ಣದಲ್ಲಿ ಅದನ್ನು ಮತ್ತೆ ಎತ್ತಿದರು.

ಬಲಬದಿಯ ಬ್ಯಾಕಿನ ದಿನಚರಿ ಏನು? ಎದುರಾಳಿಯ ಎಡ ಅಂಚಿನ ಓಟಗಾರ ಸಾಮಾನ್ಯವಾಗಿ ಆ ತಂಡದ ಅತ್ಯಂತ ವೇಗದ ಮನುಷ್ಯ. ಅವನು ಚೆಂಡಿನೊಂದಿಗೆ ಮುಖಾಮುಖಿ ಬರುತ್ತಾನೆ, ಇವನು ಹಿಮ್ಮುಖವಾಗಿ ಓಡುತ್ತ ಅವನ ಸೊಂಟ ನೋಡಬೇಕು. ಕಾಲು ನೋಡಿದರೆ ಮೋಸ ಹೋಗುತ್ತಾನೆ. ಅವಸರಪಟ್ಟು ಮೈಮೇಲೆ ಬಿದ್ದರೆ ಅವನು ದಾಟಿಹೋಗುತ್ತಾನೆ, ಹಿಂಜರಿದರೆ ಚೆಂಡು ಗೋಲಿನ ಮುಂದೆ ಬೀಳುತ್ತದೆ. ಅವನನ್ನು ಅಂಚಿನ ಗೆರೆಯ ಕಡೆಗೆ ತಳ್ಳುತ್ತ, ಕಾಯುತ್ತ, ಅವನಿಗೆ ಬೇಸರ ಬರಿಸಬೇಕು. ಚೆಂಡು ಕಸಿದ ಕ್ಷಣವೇ ತನ್ನ ಮುಂದಿನವನಿಗೆ ಕೊಟ್ಟು, ಅವನ ಹೊರಗಿನಿಂದ ಓಡಿ ಮತ್ತೆ ಚೆಂಡು ಇಸಿದುಕೊಂಡು ಎದುರಾಳಿಯ ಗೋಲಿನ ಮುಂದಕ್ಕೆ ಹಾಕಬೇಕು. ಅಷ್ಟರಲ್ಲಿ ಚೆಂಡು ತಿರುಗಿದರೆ ಇಡೀ ಮೈದಾನ ಹಿಂದಕ್ಕೆ ಓಡಬೇಕು. ಚೀಮಾ ಒಕೊರಿಯಂಥ ನೈಜೀರಿಯದ ಮುಂಪಡೆಯವರು ಕೋಲ್ಕತ್ತವನ್ನು ಆಳುತ್ತಿದ್ದ ಕಾಲ ಅದು. ಬಂಗಾಳದ ಮಳೆಗಾಲದಲ್ಲಿ, ಕೆಸರಿನಲ್ಲಿ, ಲೀಗಿನ ಪಂದ್ಯಗಳು.

ಅದರ ನಡುವೆ 1992ರಲ್ಲಿ ಆಟದ ಕಾನೂನೇ ಬದಲಾಯಿತು. ಅಲ್ಲಿಯವರೆಗೆ ಬ್ಯಾಕ್ ಇಕ್ಕಟ್ಟಿಗೆ ಸಿಕ್ಕಿಕೊಂಡರೆ ಚೆಂಡನ್ನು ಮೆಲ್ಲಗೆ ತನ್ನ ಗೋಲ್‌ಕೀಪರಿಗೆ ಉರುಳಿಸುತ್ತಿದ್ದ, ಅವನು ಕೈಯಲ್ಲಿ ಎತ್ತಿಕೊಳ್ಳುತ್ತಿದ್ದ. ಬ್ಯಾಕುಗಳ ಮರ್ಯಾದೆ ಉಳಿಸಿದ್ದ ಸಣ್ಣ ಕಿಟಕಿ ಅದು. 1992ರಿಂದ ತನ್ನವನು ಕಾಲಿನಿಂದ ಹಿಂದಕ್ಕೆ ಕೊಟ್ಟ ಚೆಂಡನ್ನು ಗೋಲ್‌ಕೀಪರು ಕೈಯಲ್ಲಿ ಮುಟ್ಟುವಂತಿಲ್ಲ. ಪ್ರಪಂಚದ ಬ್ಯಾಕುಗಳೆಲ್ಲ ಒಂದೇ ವರ್ಷದಲ್ಲಿ ಹೊಸ ಕಸುಬು ಕಲಿಯಬೇಕಾಯಿತು. ಪಾಷಾ ಅವರ ಆಟ ಈ ಬದಲಾವಣೆಯ ಈಚೆ-ಆಚೆ ಎರಡೂ ಕಡೆ ಚಾಚಿದೆ ಎಂಬುದನ್ನು ಗಮನಿಸಬೇಕು, ಏಕೆಂದರೆ ಅವರು ಈಸ್ಟ್ ಬೆಂಗಾಲಿನ ನಾಯಕರಾದದ್ದು ಅದರ ಮರುವರ್ಷ.

1993. ಆ ವರ್ಷವನ್ನು ನಮ್ಮ ಓದುಗರು ಫುಟ್ಬಾಲಿನಿಂದ ನೆನಪಿಟ್ಟುಕೊಂಡಿರಲಾರರು. 1992ರ ಡಿಸೆಂಬರ್ 6ರ ನಂತರದ ವರ್ಷ ಅದು. ಮುಂಬಯಿ ಉರಿದಿತ್ತು, ಕೋಲ್ಕತ್ತದಲ್ಲೂ ಗಲಭೆಗಳಾಗಿದ್ದವು. ನಮ್ಮ ರಾಯಚೂರಿನ ಕಡೆ ಮನೆಯವರು ಮಕ್ಕಳನ್ನು ಹೊತ್ತಾಗುವ ಮುಂಚೆ ಒಳಗೆ ಕರೆಯುತ್ತಿದ್ದುದು ನಮಗೆ ನೆನಪಿದೆ. ಈಸ್ಟ್ ಬೆಂಗಾಲ್ 1920ರಲ್ಲಿ ಹುಟ್ಟಿದ ಕ್ಲಬ್. ದೇಶವಿಭಜನೆಯ ನಂತರ ಅದನ್ನು ಎದೆಗೆ ಅಪ್ಪಿಕೊಂಡವರು ಪೂರ್ವ ಬಂಗಾಳದಿಂದ ಮನೆಮಠ ಬಿಟ್ಟು ಬಂದ ನಿರಾಶ್ರಿತ ಹಿಂದೂ ಕುಟುಂಬಗಳು. ಕಳೆದುಕೊಂಡ ಊರಿನ ಹೆಸರು ಅವರ ಪಾಲಿಗೆ ಉಳಿದದ್ದು ಆ ಕ್ಲಬ್ಬಿನಲ್ಲಿ. ಅವರ ನಾಯಕನ ಪಟ್ಟಿ ಆ ವರ್ಷ ಬೆಂಗಳೂರಿನ ಒಬ್ಬ ಮುಸ್ಲಿಮನ ತೋಳಿನ ಮೇಲಿತ್ತು. ಇದನ್ನು ಸೌಹಾರ್ದದ ಭಾಷಣಕ್ಕೆ ಬಳಸಿಕೊಳ್ಳುವ ಆಸೆ ನಮಗಿಲ್ಲ. ಗ್ಯಾಲರಿಯಲ್ಲಿ ಕುಳಿತವರು ಸಂತರೇನಲ್ಲ, ಸೋತರೆ ಯಾರನ್ನೂ ಬಯ್ಯಬಲ್ಲವರು. ಆದರೆ ಬಲಬದಿಯಿಂದ ಗೋಲು ಬಾರದಂತೆ ಕಾಯುವವನ ಮೇಲೆ ಅವರು ನಂಬಿಕೆ ಇಟ್ಟಿದ್ದರು, ಆತ ಕಾದ. ಆ ವರ್ಷ ಅಷ್ಟೇ ಬಹಳ ದೊಡ್ಡದಾಗಿತ್ತು.

ಏಷ್ಯನ್ ಕಪ್ ವಿನ್ನರ್ಸ್ ಕಪ್ಪಿನಲ್ಲಿ ಇರಾಕಿನ ಅಲ್ ಜವ್ರಾ ಕೋಲ್ಕತ್ತಕ್ಕೆ ಬಂತು. ಪಾಷಾ ನಾಯಕತ್ವದ ಈಸ್ಟ್ ಬೆಂಗಾಲ್ ಅದನ್ನು 6-2ರಿಂದ ಸೋಲಿಸಿತು. ಭಾರತದ ಯಾವುದೇ ಕ್ಲಬ್ ಹೊರದೇಶದವರ ಎದುರು ಪಡೆದ ದೊಡ್ಡ ಗೆಲುವುಗಳ ಮಾತು ಬಂದಾಗಲೆಲ್ಲ ಈ ಪಂದ್ಯದ ಹೆಸರು ಬರುತ್ತದೆ. ಮೂರು ಗೋಲು ಹೊಡೆದವರು ಕಾರ್ಲ್‌ಟನ್ ಚಾಪ್ಮನ್, ಅವರೂ ಬೆಂಗಳೂರಿನವರೇ. ಚಾಪ್ಮನ್ ದೊಡ್ಡ ಆಟಗಾರ, ಮುಂದೆ ಭಾರತದ ನಾಯಕರಾದರು, 2020ರಲ್ಲಿ ತೀರ ಚಿಕ್ಕ ವಯಸ್ಸಿಗೆ, 49ಕ್ಕೆ, ತೀರಿಕೊಂಡರು. ಅವರ ಮೂರು ಗೋಲುಗಳಲ್ಲಿ ಒಂದನ್ನೂ ಕಡಿಮೆ ಮಾಡುವ ಉದ್ದೇಶ ನಮಗಿಲ್ಲ. ಆದರೆ ಆ ಪಂದ್ಯದ ಬಗ್ಗೆ ಕೇಳಿನೋಡಿ, ಚಾಪ್ಮನ್ ಹ್ಯಾಟ್ರಿಕ್ ಎನ್ನುತ್ತಾರೆ. ನಾಯಕ ಯಾರೆಂದು ಕೇಳಿದರೆ ತುಸು ಯೋಚಿಸುತ್ತಾರೆ.

ಅದೇ 1993ರಲ್ಲಿ ಅವರ ನಾಯಕತ್ವದಲ್ಲಿ ತಂಡ ನೇಪಾಳಕ್ಕೆ ಹೋಗಿ ವಾಯ್ ವಾಯ್ ಕಪ್ ಗೆದ್ದಿತು. ಸಂತೋಷ್ ಟ್ರೋಫಿಯಲ್ಲಿ ಅವರು ಬಂಗಾಳದ ಪರವಾಗಿ ಆಡಿ ಗೆದ್ದರು. ಕರ್ನಾಟಕದ ಅಂಗಿಯಲ್ಲಿ ಸಿಗದ ಪದಕ ಬಂಗಾಳದ ಅಂಗಿಯಲ್ಲಿ ಸಿಕ್ಕಿತು. ಮೈಸೂರಾಗಿದ್ದಾಗ ನಾಲ್ಕು ಬಾರಿ, ಕೊನೆಯದಾಗಿ 1968-69ರಲ್ಲಿ ಆ ಟ್ರೋಫಿ ಗೆದ್ದಿದ್ದ ನಮ್ಮ ರಾಜ್ಯ ಆಗ ಬರಗಾಲದಲ್ಲಿತ್ತು.

ಒಂದು ಸಂಗತಿ ನಮ್ಮನ್ನು ಕಾಡುತ್ತದೆ. ಪಾಷಾ ಕೋಲ್ಕತ್ತದಲ್ಲಿ ಬಂಗಾಳಿಗಳ ಗೋಲು ಕಾಯುತ್ತಿದ್ದ ಕಾಲದಲ್ಲೇ, 1994ರ ಅಕ್ಟೋಬರಿನಲ್ಲಿ, ಅವರ ತವರೂರಾದ ಬೆಂಗಳೂರಿನಲ್ಲಿ ದೂರದರ್ಶನದ ಹತ್ತು ನಿಮಿಷದ ಉರ್ದು ವಾರ್ತೆಯ ಕಾರಣಕ್ಕೆ ಗಲಭೆಯೆದ್ದು ಜನ ಸತ್ತರು. ಉರ್ದು ಶಾಲೆಯಲ್ಲಿ ಅಲಿಫ್ ಬೇ ಕಲಿತು ಕನ್ನಡ ಶಾಲೆಗೆ ಬಂದಿದ್ದ ನಮಗೆ ಆ ವಾರ ಯಾವ ಪುಸ್ತಕ ಕೈಯಲ್ಲಿ ಹಿಡಿದು ಬೀದಿಯಲ್ಲಿ ನಡೆಯಬೇಕೆಂಬುದೇ ಗೊಂದಲ. ಆಗ ಯಾರಾದರೂ ನಮಗೆ, ಬೆಂಗಳೂರಿನ ಒಬ್ಬ ಇಲ್ಯಾಸ್ ಪಾಷಾ ಹೀಗಿದ್ದಾನೆ ಎಂದು ಹೇಳಿದ್ದರೆ ಬೀದಿ ಬದಲಾಗುತ್ತಿರಲಿಲ್ಲ. ನಮ್ಮ ನಡಿಗೆ ಸ್ವಲ್ಪ ಬದಲಾಗುತ್ತಿತ್ತೇನೋ. ಹೇಳುವವರಿರಲಿಲ್ಲ. ಕನ್ನಡ ಪತ್ರಿಕೆಗಳಿಗೆ ಕೋಲ್ಕತ್ತ ದೂರ, ನಮ್ಮ ಮನೆಗೆ ಬರುತ್ತಿದ್ದ ಹೈದರಾಬಾದಿನ ಉರ್ದು ಪತ್ರಿಕೆಗೆ ಬೆಂಗಳೂರು ದೂರ. ಎರಡು ಭಾಷೆ ಬಲ್ಲವರಾಗಿಯೂ ನಾವು ಎರಡರ ನಡುವಿನ ಸಂದಿಯಲ್ಲಿ ಆ ಹೆಸರನ್ನು ಕಳೆದುಕೊಂಡೆವು.

ಆಮೇಲಿನದು ಬೇಗ ಹೇಳಿ ಮುಗಿಸಬಹುದಾದ ಕತೆ. 1996ರಲ್ಲಿ ರಾಷ್ಟ್ರೀಯ ಲೀಗ್ ಬಂತು, ಟಿವಿ ಬಂತು, 2014ರಲ್ಲಿ ಸಿನಿಮಾ ತಾರೆಯರ ಕೈಹಿಡಿದು ಐಎಸ್‌ಎಲ್ ಬಂತು. ಪಾಷಾ ಅವರ ಪೀಳಿಗೆ ಅಷ್ಟರಲ್ಲಿ ಬೂಟು ಕಳಚಿತ್ತು. ಅವರನ್ನು ಸಾಕಿದ್ದ ವ್ಯವಸ್ಥೆಯೂ ಸೊರಗಿತು. ಐಟಿಐ 2000ದ ನಂತರ ನಷ್ಟಕ್ಕಿಳಿದು ಸೊರಗಿದ ಕಂಪೆನಿಗಳ ಪಟ್ಟಿ ಸೇರಿತು. ಮೊಬೈಲು ಬಂದ ಮೇಲೆ ಟೆಲಿಫೋನ್ ಡಬ್ಬಿ ಯಾರಿಗೆ ಬೇಕು? ಕಾರ್ಖಾನೆಯ ತಂಡಗಳಲ್ಲಿ ಆಡಿ ನೌಕರಿ ಹಿಡಿಯುವ ದಾರಿ ಸಣ್ಣದಾಗುತ್ತ ಹೋಯಿತು. ಅದು ಬೆಂಗಳೂರಿನ ಮಾತಷ್ಟೇ ಅಲ್ಲ. 1985ರಲ್ಲಿ ಮೊದಲ ಘಟಕ ಉರಿದು ಮುಂದೆ ಎಂಟು ಘಟಕ, 1720 ಮೆಗಾವ್ಯಾಟಿಗೆ ಬೆಳೆದ ನಮ್ಮ ಶಾಖೋತ್ಪನ್ನ ಕೇಂದ್ರದ ಸುತ್ತ ಇವತ್ತು ದುಡಿಯುವ ಹುಡುಗರಲ್ಲಿ ಎಷ್ಟೋ ಮಂದಿ ಗುತ್ತಿಗೆಯವರು. ಕಾಲಿಗೆ ಪೆಟ್ಟಾದರೆ ಆ ದಿನದ ಕೂಲಿ ಹೋಯಿತು. ಅವರಲ್ಲಿ ಯಾರಿಗೆ ಬ್ಯಾಕ್ ಆಡು ಎಂದು ಹೇಳುವ ಎದೆ ನಮಗಿದೆ?

ದೀರ್ಘ ಕಾಯಿಲೆಯ ನಂತರ 2022ರ ಜನವರಿ 27ರಂದು ಪಾಷಾ ಬೆಂಗಳೂರಿನಲ್ಲಿ ತೀರಿಕೊಂಡರು. ಅದಕ್ಕೆ ಒಂದು ವರ್ಷ ಕಳೆದು, 2023ರ ಮಾರ್ಚ್ 4ರಂದು ಸೌದಿ ಅರೇಬಿಯದ ರಿಯಾದಿನಲ್ಲಿ ನಡೆದ ಫೈನಲ್ಲಿನಲ್ಲಿ ಕರ್ನಾಟಕ ಮೇಘಾಲಯವನ್ನು 3-2ರಿಂದ ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಿತು. 54 ವರ್ಷಗಳ ಮೇಲೆ. 2024ರಲ್ಲಿ ರಹೀಮ್ ಸಾಹೇಬರ ಮೇಲೆ 'ಮೈದಾನ್' ಎಂಬ ಹಿಂದಿ ಸಿನಿಮಾ ಬಂತು. ನಾವು ಅದನ್ನು ನೋಡುವಾಗ ನಮ್ಮ ಕಣ್ಣು ಪರದೆಯ ಮುಂಭಾಗದ ಓಟಗಾರರನ್ನು ಬಿಟ್ಟು ಹಿಂದೆ ನಿಂತವರನ್ನು ಹುಡುಕುತ್ತಿತ್ತು. ಕೆಮರಾ ಅವರ ಮೇಲೆ ಹೆಚ್ಚು ಹೊತ್ತು ನಿಲ್ಲುತ್ತಿರಲಿಲ್ಲ.

ಇಷ್ಟನ್ನೂ ಒಂದು ಸಂಜೆ ಬಯಲಿನ ಅಂಚಿನಲ್ಲಿ ಕುಳಿತು ಹುಡುಗನಿಗೆ ಹೇಳಿದೆವು. ಅಜೀಜರ ಕತೆ ಕೇಳಿದ, ಪಾಷಾ ಅವರದು ಕೇಳಿದ. ಅಲ್ ಜವ್ರಾ ಪಂದ್ಯದ ಹೊತ್ತಿಗೆ ಬಾಯಿ ತೆರೆದುಕೊಂಡಿದ್ದ. ಎಲ್ಲ ಮುಗಿದ ಮೇಲೆ ಅವನು ಕೇಳಿದ್ದು ಒಂದೇ ಪ್ರಶ್ನೆ, ಅದೂ ರಹೀಮ್ ಸಾಹೇಬರದು: "ಆ ಎಡಗಾಲಿನ ಪಂದ್ಯ ಅಂದ್ರಲ್ಲ, ಅದು ಹೆಂಗ ಆಡ್ತಿದ್ರಂತ?" ಹೇಳಿದೆವು. ನಾಲ್ಕು ದಿನ ಬಿಟ್ಟು ಆ ಕಡೆ ಹೋದಾಗ ಆಟ ಇನ್ನೂ ಶುರುವಾಗಿರಲಿಲ್ಲ. ಅವನೊಬ್ಬನೇ ಬಲಬದಿಯ ಕಲ್ಲಿನ ಹತ್ತಿರ ನಿಂತು ಚೆಂಡನ್ನು ಎಡಗಾಲಿನಿಂದ ಒದೆಯುತ್ತಿದ್ದ. ಚೆಂಡು ಎಲ್ಲೆಲ್ಲಿಗೋ ಹೋಗುತ್ತಿತ್ತು. ಓಡಿ ಹೋಗಿ ತಂದು ಮತ್ತೆ ಅಲ್ಲಿಯೇ ಇಟ್ಟು ಒದೆಯುತ್ತಿದ್ದ.